ಆಸ್ಪತ್ರೆಯ ಕೌಂಟರಿನಲ್ಲಿ ಉಜ್ಜಿದ ಕಾರ್ಡು

ನನ್ನ ಪರ್ಸಿನಲ್ಲಿ ಇರುವುದು ಒಂದೇ ಕಾರ್ಡು, ಡೆಬಿಟ್ ಕಾರ್ಡು. ಖಾತೆಯಲ್ಲಿ ದುಡ್ಡಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಅದರ ಹತ್ತಿರ ಬೇರೆ ಮಾತಿಲ್ಲ, ಬಹುಮಾನವೂ ಇಲ್ಲ. ನನ್ನ ಗೆಳತಿಯ ಪರ್ಸಿನಲ್ಲಿ ಮಾತ್ರ ಬಣ್ಣಬಣ್ಣದ ಕಾರ್ಡುಗಳು ಒತ್ತೊತ್ತಾಗಿ ಕೂತಿರುತ್ತಿದ್ದವು. ಬಿಲ್ ಕೊಡಲು ಅವಳು ಪರ್ಸು ಬಿಚ್ಚಿದರೆ ಇಸ್ಪೀಟು ಹಂಚಲು ಕೂತವಳ ಹಾಗೆ ಕಾಣುತ್ತಿದ್ದಳು. ಕಾರ್ಡುಗಳ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅವಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆಗೆ ಏನಾಯಿತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಹೇಳುವಾಗ ಸಿಟ್ಟು ಬಂದರೆ ಓದುವವರು ಸಹಿಸಿಕೊಳ್ಳಬೇಕು. ನನ್ನ ಮನೆಯವರು ಈಗಾಗಲೇ ಸಾಕಷ್ಟು ಸಹಿಸಿದ್ದಾರೆ.

ನಾವಿಬ್ಬರೂ ಹಲಸೂರಿನ ಒಂದು ವಿಮಾ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ಇಂದಿರಾನಗರದಾಚೆ ನೌಕರರ ಕಾಲೊನಿಯಲ್ಲಿ ಒಂದೇ ಬ್ಲಾಕಿನಲ್ಲಿ ಮನೆ, ಬೆಳಿಗ್ಗೆ ಒಂದೇ ಬಸ್ಸು, ಮಧ್ಯಾಹ್ನ ಅವಳ ಹುಳಿ ನನ್ನ ತಟ್ಟೆಗೆ, ನನ್ನ ಪಲ್ಯ ಅವಳ ತಟ್ಟೆಗೆ. ಅವಳು ಹುಟ್ಟಿ ಬೆಳೆದದ್ದೇ ಹಲಸೂರು. ಮನೆಮಾತು ಕನ್ನಡವಾದರೂ ಹಲಸೂರು ಮಾರ್ಕೆಟ್ಟಿನಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ಶಿವಾಜಿನಗರಕ್ಕೆ ಹೋದರೆ ದಖನಿ ಉರ್ದುವಿನಲ್ಲಿ. ಕೊತ್ತಂಬರಿ ಕಟ್ಟಿಗೂ ಚಿನ್ನದ ಬಳೆಗೂ ಒಂದೇ ಶ್ರದ್ಧೆ. ನಾನೋ, ಹೇಳಿದ ಬೆಲೆ ಕೊಟ್ಟು ಚೀಲ ಹಿಡಿದು ಬರುವವಳು. “ನಿನ್ನಂಥೋರಿಂದಾನೇ ಕಣೇ ಇವ್ರೆಲ್ಲ ಮಹಡಿ ಮೇಲೆ ಮಹಡಿ ಕಟ್ಸೋದು,” ಎಂದು ಬೈಯುತ್ತಿದ್ದಳು. ಬೈಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು.

ನಮ್ಮ ಕಚೇರಿಯಲ್ಲಿ ಒಂದು ರೂಢಿಯಿತ್ತು. ಯಾರ ಮನೆಗೆ ಫ್ರಿಜ್ಜೋ ಮಿಕ್ಸಿಯೋ ಕೊಳ್ಳಬೇಕಾದರೂ ಮೊದಲು ಕೇಳುತ್ತಿದ್ದ ಪ್ರಶ್ನೆ, “ಈ ತಿಂಗಳು ಯಾರ ಕಾರ್ಡಿಗೆ ಆಫರ್ ಇದೆ?” ಆ ಕಾರ್ಡಿನವರು ಕಮ್ಮನಹಳ್ಳಿಯ ಅಂಗಡಿಗೋ ಎಲ್ಲಿಗೋ ಜೊತೆಗೆ ಹೋಗಿ ಕಾರ್ಡು ಉಜ್ಜುವುದು, ಕೊಂಡವರು ಆ ದುಡ್ಡನ್ನು ಅವರ ಖಾತೆಗೆ ಹಾಕುವುದು. ಯಂತ್ರದಲ್ಲಿ ಕಾರ್ಡು ಎಳೆಯುವುದಕ್ಕೆ ನಾವು ಉಜ್ಜುವುದು ಎಂದೇ ಹೇಳುವುದು. ಈಗ ಎಳೆಯುವುದೂ ಇಲ್ಲ, ಮುಟ್ಟಿಸಿದರೆ ಸಾಕು, ಆದರೂ ಮಾತು ಅದೇ ಉಳಿದಿದೆ. ಕೊಂಡವರಿಗೆ ರಿಯಾಯಿತಿ, ಉಜ್ಜಿದವರಿಗೆ ಬ್ಯಾಂಕಿನಿಂದ ಪಾಯಿಂಟು, ಗುಡ್ಡೆಯಾದರೆ ಅದರಲ್ಲೇ ಟಿಕೆಟ್ಟೋ ಉಡುಗೊರೆಯೋ. ಹೋಟೆಲಿಗೆ ಹೋದಾಗ ಬಿಲ್ಲು ಮೇಜಿಗೆ ಬರುವ ಮೊದಲೇ ಅವಳ ಕೈ ಮುಂದೆ ಇರುತ್ತಿತ್ತು. “ನಾನು ಉಜ್ತೀನಿ, ನೀವೆಲ್ಲ ನಂಗೆ ಹಾಕ್ಬಿಡಿ.” ಪಕ್ಕದ ಮೇಜಿನವರು ನೋಡಿದರೆ ಊರಿಗೆಲ್ಲ ಊಟ ಹಾಕಿಸುವ ಮಹಾದಾನಿ ಎಂದುಕೊಳ್ಳಬೇಕು. ನಾವೂ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಇದನ್ನು ಈಗಲೇ ಹೇಳದಿದ್ದರೆ ಅವಳಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಬಸ್ಸಿನಲ್ಲಿ ನನಗೆ ದಿನಾ ಪಾಠ. ನನ್ನ ಡೆಬಿಟ್ ಕಾರ್ಡು ಪುಕ್ಕಟೆ, ನಿನ್ನ ಕ್ರೆಡಿಟ್ ಕಾರ್ಡಿಗೆ ವರ್ಷ ವರ್ಷ ಫೀಸು, ಹಾಗಾಗಿ ನಾನೇ ಜಾಣೆ ಎಂದು ನಾನು ಒಮ್ಮೆ ವಾದಿಸಿದೆ. ಅವಳು ನನ್ನ ಫೋನು ಕಿತ್ತುಕೊಂಡು ಹಳೆಯ ಮೆಸೇಜುಗಳನ್ನು ಹಿಂದೆ ಹಿಂದೆ ತಳ್ಳಿ ಒಂದನ್ನು ತೋರಿಸಿದಳು. ಡೆಬಿಟ್ ಕಾರ್ಡಿಗೂ ವರ್ಷಕ್ಕೊಮ್ಮೆ ಶುಲ್ಕ, ಅದರ ಮೇಲೆ ತೆರಿಗೆ, ಸದ್ದಿಲ್ಲದೆ ಕತ್ತರಿಸಿಕೊಂಡಿದ್ದರು. ನನ್ನ ಮುಖ ಸಣ್ಣದಾಯಿತು. “ನನ್ನ ಕಾರ್ಡು ಕೇಳಿ ತಗೊಳತ್ತೆ, ನಿಂದು ಕೇಳ್ದೆ ತಗೊಳತ್ತೆ, ಅಷ್ಟೇ ವ್ಯತ್ಯಾಸ,” ಎಂದಳು. ಅವಳ ಕಾರ್ಡಿನ ಫೀಸು ಬಲು ಜಾಸ್ತಿ, ನಿಜ. ಆದರೆ ವರ್ಷದೊಳಗೆ ಇಂತಿಷ್ಟು ಖರ್ಚು ಮಾಡಿದರೆ ಆ ಫೀಸು ಮಾಫಿ, ಮೇಲೆ ಒಂದು ಗಂಟು ಪಾಯಿಂಟು ಬೋನಸ್ಸು. ಬಾಕಿಯನ್ನು ಪೂರ್ತಿ, ಗಡುವಿನೊಳಗೆ ಕಟ್ಟಬೇಕು. ಅದರಲ್ಲಿ ಎ.ಟಿ.ಎಂ.ನಿಂದ ನಗದು ತೆಗೆಯಲೇಬಾರದು, ತೆಗೆದ ಗಳಿಗೆಯಿಂದ ಬಡ್ಡಿ. ಪೆಟ್ರೋಲಿಗೆ ಉಜ್ಜಿದರೆ ಲೆಕ್ಕಕ್ಕೆ ಬರುವುದಿಲ್ಲ, ಬಾಡಿಗೆಗೂ ಇಲ್ಲ. ಶಿವಾಜಿನಗರದ ಅಂಗಡಿಯವನು ಕಾರ್ಡು ಕಂಡ ಕೂಡಲೇ ಎರಡು ಪರ್ಸೆಂಟ್ ಮೇಲೆ ಕೇಳಿದರೆ ಬಿಸಾಕಿ ಬರಬೇಕು. “ಪೂರ್ತಿ ಕಟ್ಟೋರಿಗೆ ಕ್ರೆಡಿಟ್ಟು, ಮರೆಯೋರಿಗೆ ಡೆಬಿಟ್ಟು. ನೀನು ಮರೆಯೋಳು, ಅದನ್ನೇ ಇಟ್ಕೋ.” ನನ್ನ ಸ್ವಭಾವಕ್ಕೆ ಅದು ಸರಿಯಾದ ಸಲಹೆಯೇ.

“ಈ ಪಾಯಿಂಟಿಗೆಲ್ಲ ದುಡ್ಡು ಯಾರು ಕೊಡ್ತಾರೆ?” ಎಂದು ನಾನು ಒಂದು ಸಲ ಕೇಳಿದ್ದುಂಟು.

“ಅಂಗಡಿಯೋರು ಸ್ವಲ್ಪ. ಬರೀ ಮಿನಿಮಮ್ ಕಟ್ಕೊಂಡು ಬಡ್ಡೀಲಿ ಒದ್ದಾಡ್ತಿರೋರು ಜಾಸ್ತಿ,” ಎಂದಳು. ಯಾರದೋ ಒದ್ದಾಟ ಇನ್ಯಾರಿಗೋ ಪಾಯಿಂಟು. ಕೇಳಿ ಒಂಥರಾ ಅನಿಸಿತು, ಅಷ್ಟರಲ್ಲಿ ನಮ್ಮ ಸ್ಟಾಪು ಬಂತು, ಇಳಿದುಬಿಟ್ಟೆವು.

ನನ್ನ ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದ್ದಾಗಿನ ಮಾತು ಇನ್ನು ಮುಂದಿನದು. ನಮ್ಮ ಮನೆಯವರು ಕೆ.ಆರ್. ಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಒಂದು ಬೆಳಿಗ್ಗೆ ಶಿಫ್ಟಿಗೆ ಹೊರಟು ಶೂ ಲೇಸು ಕಟ್ಟುತ್ತಿದ್ದವರು ಬಗ್ಗಿದ ಹಾಗೆಯೇ ಉಳಿದರು. ಎದೆ ಹಿಡಿದಿದೆ ಎಂದರು. ಪಕ್ಕದ ಮನೆಯವರು ತಮ್ಮ ಕಾರಿನಲ್ಲಿ ನಮ್ಮನ್ನು ದೊಮ್ಮಲೂರಿನಾಚೆಯ ಆಸ್ಪತ್ರೆಗೆ ಬಿಟ್ಟು, ಮಕ್ಕಳನ್ನು ಶಾಲೆಗೆ ಬಿಡಬೇಕಾಗಿದ್ದರಿಂದ ಹೋದರು. ರಕ್ತನಾಳ ಕಟ್ಟಿದೆ, ಈಗಲೇ ಸ್ಟೆಂಟ್ ಹಾಕಬೇಕು, ಕೆಳಗೆ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಬನ್ನಿ ಎಂದರು ಡಾಕ್ಟರು. ನಮಗೆ ವಿಮೆ ಇತ್ತು, ಆದರೆ ಅದರ ಮಂಜೂರಾತಿ ಬರುವುದಕ್ಕೆ ಹೊತ್ತಾಗುತ್ತದೆ. ವಿಮಾ ಕಚೇರಿಯವಳಿಗೆ ಅದನ್ನು ಬೇರೆಯವರು ಹೇಳಬೇಕಿಲ್ಲವಲ್ಲ.

ನಾನು ಅವಳಿಗೆ ಫೋನು ಮಾಡಿದೆ. ತಮ್ಮನಿಗಿಂತ ಮೊದಲು, ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗಳಿಗಿಂತ ಮೊದಲು. ಎದೆನೋವು, ಆಸ್ಪತ್ರೆ ಎಂದು ಏನೇನೋ ತೊದಲಿದೆ. ಅವಳು ಸಮಾಧಾನವಾಗಿ ಕೇಳಿದಳು. “ಡಾಕ್ಟ್ರು ಏನಂದ್ರು? ಅಡ್ವಾನ್ಸ್ ಎಷ್ಟು ಕೇಳಿದ್ರು?” ಹೇಳಿದೆ. “ಏನೂ ಕಟ್ಬೇಡ, ಅಲ್ಲೇ ಇರು, ಬಂದೆ,” ಎಂದಳು.

ಬಂದೇಬಿಟ್ಟಳು. ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಆಟೋದವನಿಗೆ ಏನು ಆಸೆ ತೋರಿಸಿದ್ದಳೋ ಗೊತ್ತಿಲ್ಲ. ತಲೆ ಬಾಚಿರಲಿಲ್ಲ, ಎರಡೂ ಚಪ್ಪಲಿ ಬೇರೆ ಬೇರೆ ಜೊತೆಯವು. ನಾನು ಕೌಂಟರಿನ ಮುಂದೆ ಡೆಬಿಟ್ ಕಾರ್ಡು ಹಿಡಿದು ನಿಂತಿದ್ದೆ. ಕೈ ನಡುಗುತ್ತಿತ್ತು, ಪಿನ್ನು ನೆನಪಾಗುತ್ತಿರಲಿಲ್ಲ. “ಅದನ್ನ ಒಳಗಿಡು,” ಎಂದು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. “ನಿನ್ನ ದುಡ್ಡು ನಿನ್ನ ಹತ್ರ ಇರ್ಲಿ ಕಣೇ. ನಾಳೆ ಏನು ಬೇಕಾಗತ್ತೋ ಯಾರಿಗೆ ಗೊತ್ತು.” ಈಗ ಅರ್ಧ ಕಟ್ಟಿದರೂ ಸಾಕು ಮೇಡಂ, ಎಂದಳು ಕೌಂಟರಿನ ಹುಡುಗಿ. “ಬೇಡಮ್ಮ, ಪೂರ್ತಿನೇ ತಗೊಂಡ್ಬಿಡಿ,” ಎಂದಳು ನನ್ನ ಗೆಳತಿ. ಪರ್ಸು ಬಿಚ್ಚಿ, ಒಂದು ಕಾರ್ಡು ತೆಗೆದು, ನೋಡಿ, ಒಳಗಿಟ್ಟು, ಇನ್ನೊಂದನ್ನು ತೆಗೆದು ಕೊಟ್ಟಳು. ಇಂಥ ಹೊತ್ತಿನಲ್ಲೂ ಎಷ್ಟು ಸ್ಥಿಮಿತ ಇವಳಿಗೆ ಎಂದುಕೊಂಡೆ. ರಸೀದಿ ಹೊರಬಂದಾಗ ಅವಳನ್ನು ತಬ್ಬಿಕೊಂಡು, ಆಸ್ಪತ್ರೆಯವರೆಲ್ಲ ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ, ಗೊಳೋ ಎಂದು ಅತ್ತೆ. ಅವಳೂ ಅತ್ತಳು. ಅದನ್ನೂ ಹೇಳಬೇಕು.

ಸ್ಟೆಂಟ್ ಹಾಕಿ ಮುಗಿಸಿ ಅವರನ್ನು ವಾರ್ಡಿಗೆ ತರುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಸಂಜೆ ಹೊತ್ತಿಗೆ ತಮ್ಮ ಬಂದ, ಕಚೇರಿಯವರು ಬಂದರು, ಕಾರ್ಖಾನೆಯವರು ಬಂದರು. ಎಲ್ಲರೂ ಬಂದರು, ಆದರೆ ಎಲ್ಲರೂ ಸಂಜೆ ಬಂದರು. ಅವಳ ದುಡ್ಡನ್ನು ಅವಳು ಅವಸರವಿಲ್ಲ ಎಂದರೂ ಮುಂದಿನ ವಾರವೇ ಅವಳ ಖಾತೆಗೆ ಹಾಕಿದೆ. ಡಿಸ್ಚಾರ್ಜಿನ ದಿನ ಉಳಿದದ್ದನ್ನು ಕಟ್ಟಬೇಕಿತ್ತು. ಅವಳು ಫೋನಿನಲ್ಲಿ, “ಮನೆಗೆ ನೆಂಟ್ರು ಬಂದಿದಾರೆ ಕಣೇ, ನಿನ್ನ ಡೆಬಿಟ್ ಕಾರ್ಡಲ್ಲಿ ಆಗಲ್ವಾ?” ಎಂದಳು. ಆಗುತ್ತಿತ್ತು, ಆಯಿತು. ಆ ಮಾತನ್ನು ನಾನು ಮರೆತೇಬಿಟ್ಟಿದ್ದೆ.

ಆ ಚಳಿಗಾಲ ಅವಳೂ ಅವಳ ಗಂಡನೂ ಅಂಡಮಾನಿಗೆ ವಿಮಾನದಲ್ಲಿ ಹೋಗಿಬಂದರು. “ಟಿಕೆಟ್ಟಿಗೆ ಒಂದು ಪೈಸೆ ಕೊಟ್ಟಿಲ್ಲ, ಎಲ್ಲ ಪಾಯಿಂಟು,” ಎಂದು ಕಾಲೊನಿಗೆಲ್ಲ ಹೇಳಿಕೊಂಡಳು. ನನಗೆ ಸುತ್ತ ಚಿಪ್ಪು ಅಂಟಿಸಿದ ಪುಟ್ಟ ಕನ್ನಡಿಯೊಂದನ್ನು ತಂದುಕೊಟ್ಟಳು. ಅದು ನಮ್ಮ ಬಾಲ್ಕನಿಯ ಮೊಳೆಗೆ ಏರಿತು. ನಮ್ಮ ಮನೆಯವರು ಅದರ ಮುಂದೆ ನಿಂತು ಮೀಸೆ ಕತ್ತರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಆಸ್ಪತ್ರೆಯ ಆ ಬೆಳಗನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬಾಚದ ತಲೆ, ಬೇರೆ ಬೇರೆ ಚಪ್ಪಲಿ, ನಿನ್ನ ದುಡ್ಡು ನಿನ್ನ ಹತ್ರ ಇರ್ಲಿ. ಮಗಳ ಮದುವೆಯಲ್ಲಿ ಬೀಗರಿಗೆ ಅವಳನ್ನು ಪರಿಚಯಿಸುವಾಗ ಹೇಳಿದೆ. ಯಾರಾದರೂ ಈ ಕಾಲದಲ್ಲಿ ಯಾರಿಗೆ ಯಾರು ಎಂದು ನಿಟ್ಟುಸಿರು ಬಿಟ್ಟರೆ ಸಾಕು, ನಾನು ಸೆರಗು ಸರಿಮಾಡಿಕೊಂಡು ಶುರುಮಾಡುತ್ತಿದ್ದೆ. ನನ್ನ ಹತ್ತಿರ ದೊಡ್ಡ ಆಸ್ತಿ ಎಂದು ಏನಾದರೂ ಇದ್ದರೆ ಅದು ಆ ಬೆಳಗು.

ಇಬ್ಬರೂ ನಿವೃತ್ತರಾದೆವು. ಅವಳು ಕಮ್ಮನಹಳ್ಳಿಯಲ್ಲಿ ಫ್ಲಾಟ್ ಕೊಂಡು ಹೋದಳು. ನಾವು ಕಾಲೊನಿಯ ಹಿಂದಿನ ರಸ್ತೆಯಲ್ಲಿಯೇ ಸ್ವಂತ ಮನೆ ಮಾಡಿಕೊಂಡೆವು. ಅಲ್ಲಿನ ಮಹಿಳಾ ಸಮಾಜಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಪ್ರತಿ ತಿಂಗಳೂ ಒಂದು ಉಪನ್ಯಾಸ ಇಡಬೇಕು. ಮಂಡಿನೋವು, ಟೆರೇಸಿನ ತರಕಾರಿ, ಲಲಿತಾ ಸಹಸ್ರನಾಮದ ಅರ್ಥ, ಎಲ್ಲ ಮುಗಿದಿತ್ತು. ಕ್ರೆಡಿಟ್ ಕಾರ್ಡೋ ಡೆಬಿಟ್ ಕಾರ್ಡೋ ಎಂಬ ವಿಷಯದ ಮೇಲೆ ನನ್ನ ಗೆಳತಿಯೇ ಮಾತಾಡಲಿ ಎಂದು ಸೂಚಿಸಿದವಳು ನಾನೇ. ಅವಳು ಖುಷಿಯಿಂದ ಒಪ್ಪಿದಳು. ಕಮ್ಮನಹಳ್ಳಿಯಿಂದ ಆಟೋದಲ್ಲಿ, ರೇಷ್ಮೆ ಸೀರೆ ಉಟ್ಟು ಬಂದಳು.

ಪರಿಚಯ ಭಾಷಣ ನನ್ನದು. ಕೈಯಲ್ಲಿ ಚೀಟಿಯೂ ಬೇಕಿರಲಿಲ್ಲ. ಆ ಬೆಳಗನ್ನು ಹೇಳಿದೆ. ಚಪ್ಪಲಿಯ ಮಾತಿಗೆ ಎಲ್ಲರೂ ನಕ್ಕರು, ದುಡ್ಡು ನಿನ್ನ ಹತ್ರ ಇರಲಿ ಎಂಬ ಮಾತಿಗೆ ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. “ಇವರ ಕಾರ್ಡಿನಿಂದ ನನ್ನ ಮನೆಯವರು ಉಳಿದರು,” ಎಂದು ಹೇಳಿ ಕೂತೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ಅವಳು ಚೆನ್ನಾಗಿ ಮಾತಾಡಿದಳು. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಿಮ್ಮ ದುಡ್ಡು, ಕ್ರೆಡಿಟ್ ಕಾರ್ಡಿನಲ್ಲಿ ಹೋಗುವುದು ಬ್ಯಾಂಕಿನ ದುಡ್ಡು, ಹಿಂದಕ್ಕೆ ಕೊಡಬೇಕಾದವರು ಮಾತ್ರ ನೀವು. ಮೋಸ ನಡೆದರೆ ಡೆಬಿಟ್ಟಿನಲ್ಲಿ ನಿಮ್ಮ ಖಾತೆ ಖಾಲಿಯಾದ ಮೇಲೆ ಓಡಾಟ, ಕ್ರೆಡಿಟ್ಟಿನಲ್ಲಿ ಬಿಲ್ಲು ಬರುವ ಮೊದಲೇ ಜಗಳ ಮಾಡಬಹುದು. ವಿಮಾನ ನಿಲ್ದಾಣದ ಲೌಂಜಿನ ಮಾತು ಬಂದಾಗ ಅಲ್ಲಿ ಕಾರ್ಡು ಉಜ್ಜಿ ಎರಡೇ ರೂಪಾಯಿಗೆ ಇಡ್ಲಿ ವಡೆ ತಿಂದ ಕಥೆ ಹೇಳಿ ನಗಿಸಿದಳು. ಆಮೇಲೆ ವಾರ್ಷಿಕ ಶುಲ್ಕದ ಮಾತಿಗೆ ಬಂದಳು. ಅಷ್ಟು ಖರ್ಚು ನಾವು ಮನೆಯಲ್ಲಿರುವವರು ಎಲ್ಲಿಂದ ಮಾಡುವುದು, ಫೀಸು ಮಾಫಿ ಆಗುವುದು ಹೇಗೆ, ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಒಳ್ಳೆ ಪ್ರಶ್ನೆ,” ಎಂದಳು. ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ನಕ್ಕಳು. “ನಮ್ಮ ಕಾರ್ಯದರ್ಶಿ ಅರ್ಧ ಕಥೆ ಹೇಳಿದ್ರು. ಇನ್ನರ್ಧ ನಾನು ಹೇಳ್ತೀನಿ, ಪಾಠ ಇರೋದು ಅದ್ರಲ್ಲೇ. ಆ ವಾರ ನನ್ನ ಕಾರ್ಡಿನ ವರ್ಷ ಮುಗೀತಿತ್ತು. ಟಾರ್ಗೆಟ್ಟಿಗೆ ಇನ್ನೂ ತುಂಬಾ ಕಮ್ಮಿ ಇತ್ತು. ಆಗ್ದಿದ್ರೆ ಫೀಸೂ ಕಟ್ಬೇಕು, ಬೋನಸ್ ಪಾಯಿಂಟೂ ಹೋಯ್ತು. ಚಿನ್ನ ತಗೊಂಡ್ಬಿಡೋಣ ಅಂತ ಮನೆಯವ್ರ ಹತ್ರ ಜಗಳಾನೇ ಆಗಿತ್ತು. ಅಷ್ಟರಲ್ಲಿ, ಅದೃಷ್ಟ ನೋಡಿ, ಬೆಳಗ್ಗೆ ಬೆಳಗ್ಗೆ ಇವಳ ಫೋನು! ತಲೇನೂ ಬಾಚ್ದೆ ಓಡ್ದೆ. ಇವಳು ಅರ್ಧ ಕಟ್ಬಿಟ್ಟಿದ್ರೆ ನನ್ನ ಕಥೆ ಮುಗೀತಿತ್ತು. ಫೀಸೂ ಮಾಫಿ, ಅಂಡಮಾನೂ ಆಯ್ತು, ಇವಳಿಗೂ ಸಹಾಯ ಆಯ್ತು. ಯಾರಿಗೂ ಲಾಸಿಲ್ಲ. ಕಾರ್ಡು ಉಪಯೋಗಿಸೋದು ಅಂದ್ರೆ ಇದು. ದೊಡ್ಡ ಖರ್ಚು ನಮ್ದೇ ಆಗ್ಬೇಕು ಅಂತೇನಿಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ಕಣ್ಣೊರೆಸಿಕೊಂಡಿದ್ದ ಮುಂದಿನ ಸಾಲಿನವರೇ ಹೆಚ್ಚು ನಕ್ಕರು. ಒಬ್ಬರು ನನ್ನ ತೊಡೆ ತಟ್ಟಿ, “ನಿಮ್ಮೆಜಮಾನ್ರ ಹಾರ್ಟು ಅಂಡಮಾನಿಗೆ ಹೋಗಿಬಂತಲ್ರೀ,” ಎಂದರು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು, ಕಾರ್ಯದರ್ಶಿ ನಾನು, ಆಮೇಲೆ ವಂದನಾರ್ಪಣೆಯೂ ನನ್ನದೇ. ಎದ್ದು ನಿಂತು ಅವಳಿಗೆ ಶಾಲು ಹೊದಿಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಕಾಲ ಕೆಳಗಿನ ನೆಲ ಕುಸಿದರೂ ಮನುಷ್ಯರು ಹಣ್ಣಿನ ಬುಟ್ಟಿ ಕೊಡಬಲ್ಲರು ಎಂದು ಆವತ್ತು ತಿಳಿಯಿತು.

ಒಂದೊಂದೇ ನೆನಪಾಗತೊಡಗಿದ್ದು ಉಪ್ಪಿಟ್ಟು ಹಂಚುವಾಗ. ಫೋನಿನಲ್ಲಿ ಕೇಳಿದ ಪ್ರಶ್ನೆ, ಅಡ್ವಾನ್ಸ್ ಎಷ್ಟು. ಏನೂ ಕಟ್ಬೇಡ ಎಂದದ್ದು. ಪೂರ್ತಿನೇ ತಗೊಂಡ್ಬಿಡಿ ಎಂದದ್ದು. ಡಿಸ್ಚಾರ್ಜಿನ ದಿನದ ನೆಂಟರು. 

ಅವಳನ್ನು ಆಟೋ ಹತ್ತಿಸಲು ಮೇನ್ ರೋಡಿನವರೆಗೆ ಹೋದೆ. ಅವಳು ಭಾಷಣ ಚೆನ್ನಾಗಿತ್ತಾ ಎಂದು ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು. “ಏನಾಯ್ತೇ?”

“ನೀನು ಅದಕ್ಕೇ ಬಂದಿದ್ದಾ?” ಎಂದೆ.

“ಯಾವುದಕ್ಕೆ?” ಎಂದವಳಿಗೆ ತಕ್ಷಣ ಅರ್ಥವಾಯಿತು. ನಾಚಿಕೆಪಟ್ಟುಕೊಳ್ಳುತ್ತಾಳೆ, ಅಯ್ಯೋ ಎನ್ನುತ್ತಾಳೆ ಎಂದು ಕಾದೆ. ಅವಳಿಗೆ ಸಿಟ್ಟು ಬಂತು. “ನಾನು ನಿಂಗೆ ಮೋಸ ಮಾಡಿದ್ನಾ? ನಿನ್ನ ಒಂದು ರೂಪಾಯಿ ಇಟ್ಕೊಂಡಿದೀನಾ? ಆಫೀಸಲ್ಲಿ ಮಾಡ್ತಿದ್ದಿದ್ದೂ ಇದೇ ಅಲ್ವೇನೇ? ಫ್ರಿಜ್ಜಿಗೆ ಉಜ್ಜಿದ್ರೆ ಸರಿ, ಆಸ್ಪತ್ರೆಗೆ ಉಜ್ಜಿದ್ರೆ ತಪ್ಪಾ? ನಿಂಗೇನು ಲಾಸ್ ಆಯ್ತು, ಅದನ್ನ ಹೇಳು.”

ನನಗೆ ಏನು ಲಾಸ್ ಆಯಿತು ಎಂದು ಹೇಳಲು ಬರಲಿಲ್ಲ. ಇವತ್ತಿಗೂ ಲೆಕ್ಕ ಹಾಕಿ ತೋರಿಸು ಎಂದರೆ ತೋರಿಸಲಾರೆ. ಕೊಟ್ಟದ್ದು ಕೊಟ್ಟಷ್ಟೇ ಹಿಂದಕ್ಕೆ ಹೋಗಿದೆ, ಗಂಡ ಗಟ್ಟಿಯಾಗಿ ಓಡಾಡಿಕೊಂಡಿದ್ದಾರೆ. ನಾನು ಒಂದೇ ಒಂದು ಮಾತು ಕೇಳಿದೆ. “ನಿನ್ನ ಟಾರ್ಗೆಟ್ಟು ಅಷ್ಟರಲ್ಲೇ ಮುಗಿದುಹೋಗಿದ್ದಿದ್ರೆ, ಆವತ್ತು ಬರ್ತಿದ್ಯಾ?”

“ಬರ್ತಿದ್ದೆ,” ಎಂದಳು ಥಟ್ಟನೆ. ಆಮೇಲೆ, ಸುಳ್ಳು ಹೇಳಲು ಬಾರದ ಅವಳ ಆ ಹಾಳು ಗುಣ, ಆಟೋಗೆ ಕೈ ಅಡ್ಡ ಹಿಡಿದುಕೊಂಡೇ ಸ್ವಲ್ಪ ಯೋಚಿಸಿ ಹೇಳಿದಳು. “ಬರ್ತಿದ್ದೆ ಕಣೇ. ಆಫೀಸ್ ಮುಗಿಸ್ಕೊಂಡು ಬರ್ತಿದ್ದೆ.”

ಆಟೋ ನಿಂತಿತು. ಅವಳು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೋದಳು.

ಮನೆಗೆ ಬಂದು ಬಾಲ್ಕನಿಯ ಕನ್ನಡಿಯನ್ನು ಮೊಳೆಯಿಂದ ಕಿತ್ತು ಅಟ್ಟದ ಡಬ್ಬಕ್ಕೆ ತುರುಕಿದೆ. ನಮ್ಮ ಮನೆಯವರು ಮೀಸೆ ಕತ್ತರಿ ಹಿಡಿದು ಬಂದು ಕನ್ನಡಿ ಎಲ್ಲಿ ಎಂದರು. ಎಲ್ಲವನ್ನೂ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. “ಕಾರ್ಖಾನೇಲಿ ಅಷ್ಟು ವರ್ಷ ಜೀವ ತೇಯ್ದೆ, ಒಂದು ಪಾಯಿಂಟ್ ಬರ್ಲಿಲ್ಲ. ಒಂದು ಬೆಳಗ್ಗೆ ಎದೆ ಹಿಡ್ಕೊಂಡಿದ್ದಕ್ಕೆ ಇಬ್ರು ಅಂಡಮಾನಿಗೆ ಹೋಗ್ಬಂದ್ರಲ್ಲ!” ನನ್ನ ಕಣ್ಣು ತುಂಬಿದ್ದನ್ನು ನೋಡಿ ಕತ್ತರಿ ಕೆಳಗಿಟ್ಟರು. ಆಮೇಲೆ ತಮಗೆ ತಿಳಿದಂತೆ ಸಮಾಧಾನ ಮಾಡಿದರು. “ಬಸ್ಸು ಯಾಕೆ ಬಂತು ಅಂತ ಕೇಳ್ತೀವಾ? ಬಂತು, ನಾವು ಹತ್ತಿ ಊರು ಸೇರ್ಕೊಂಡ್ವಿ. ಅವರು ಬಂದ್ರು ತಾನೆ?”

“ಬಸ್ಸನ್ನ ಯಾರೂ ತಬ್ಕೊಂಡು ಅಳಲ್ಲ,” ಎಂದೆ.

ಅದಾದ ಮೇಲೆ ನಾವು ಮಾತು ಬಿಡಲಿಲ್ಲ. ಮಾತು ಬಿಡುವಂಥ ಜಗಳವೇ ಆಗಿರಲಿಲ್ಲವಲ್ಲ. ಹಬ್ಬಕ್ಕೆ ಫೋನು, ಮದುವೆ ಮುಂಜಿಯಲ್ಲಿ ಭೇಟಿ, ಮಂಡಿ ಹೇಗಿದೆ, ಶುಗರ್ ಎಷ್ಟಿದೆ. ಅವಳು ಎಂದಿನ ಹಾಗೆ ಇದ್ದಳು, ನಾನು ನೆಂಟರಿಷ್ಟರ ಹತ್ತಿರ ಇರುವ ಹಾಗೆ ಇದ್ದೆ. ನನಗೆ ತಡೆಯಲಾಗದೆ ಹೋದದ್ದು ಒಂದೇ, ಆ ಕಥೆ ನನ್ನ ಕೈತಪ್ಪಿತ್ತು. ಯಾರಾದರೂ ಈ ಕಾಲದಲ್ಲಿ ಯಾರಿಗೆ ಯಾರು ಎಂದರೆ ಹೌದೌದು ಎಂದು ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ನನಗೇನು ಲಾಸ್ ಆಯಿತು ಎಂದು ಅವಳು ಕೇಳಿದ್ದಳಲ್ಲ, ಅದಕ್ಕೆ ಉತ್ತರ ಇದೇ ಇರಬೇಕು. ಆದರೆ ರಸ್ತೆಯ ಬದಿಯಲ್ಲಿ ನಿಂತಾಗ ಇಂಥ ಉತ್ತರಗಳು ಹೊಳೆಯುವುದಿಲ್ಲ.

ಈಚೆಗೆ ಒಂದು ಬೆಳಿಗ್ಗೆ ಅವಳ ಫೋನು ಬಂತು. ದನಿಯೇ ಅವಳದಲ್ಲ. ಗಂಡ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಕಮ್ಮನಹಳ್ಳಿಯ ಹತ್ತಿರದ ಆಸ್ಪತ್ರೆಗೆ ತಂದಿದ್ದೇನೆ, ಆಪರೇಷನ್ ಅಂತಿದ್ದಾರೆ. “ಒಬ್ಳೇ ಇದೀನಿ. ನೀನು ಬಾರೇ,” ಎಂದಳು. ಬರ್ತೀನಿ ಎಂದೆ.

ಬೇಗ ಬೇಗ ಸೀರೆ ಉಟ್ಟೆ. ಚೀಲಕ್ಕೆ ನೀರಿನ ಬಾಟಲಿ, ಟವೆಲ್ಲು, ಡೆಬಿಟ್ ಕಾರ್ಡು ಹಾಕಿಕೊಂಡೆ. ಚಪ್ಪಲಿ ಮೆಟ್ಟಿದೆ, ನೋಡಿಕೊಂಡೆ, ಎರಡೂ ಒಂದೇ ಜೊತೆಯವು. ಅಲ್ಲಿಯೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಏಳಲು ಆಗಲಿಲ್ಲ. ಹೂವಿನವಳು ಬಂದು ಹೋದಳು, ಮಧ್ಯಾಹ್ನದ ಅನ್ನಕ್ಕೆ ನಮ್ಮ ಮನೆಯವರೇ ಕುಕ್ಕರಿಟ್ಟರು. “ಹೋಗಲ್ವಾ?” ಎಂದು ಕೇಳಿದರು.

“ಹೋಗ್ತೀನಿ. ಸಂಜೆ. ಎಲ್ಲರೂ ಹೋಗೋ ಹೊತ್ತಿಗೆ.”

 ಹೊರಡುವ ಹೊತ್ತಿಗೆ ಅವರೇ ಫ್ಲಾಸ್ಕಿಗೆ ಕಾಫಿ ತುಂಬಿ ತಂದು ಚೀಲದಲ್ಲಿಟ್ಟರು.

ಅವಳು ಎರಡನೇ ಮಹಡಿಯಲ್ಲಿ ಆಪರೇಷನ್ ಕೋಣೆಯ ಹೊರಗಿನ ಸ್ಟೀಲು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಯಾರೋ ನಾದಿನಿ, ಯಾರೋ ಫ್ಲಾಟಿನವರು, ಎಲ್ಲರೂ ಆಗಷ್ಟೇ ಬಂದವರು. ನನ್ನನ್ನು ಕಂಡು ಎದ್ದಳು. ಸಣ್ಣಗಾಗಿಬಿಟ್ಟಿದ್ದಳು. “ಬೆಳಗ್ಗೆಯಿಂದ ಆ ಲಿಫ್ಟ್ ಕಡೇನೇ ನೋಡ್ತಿದೀನಿ ಕಣೇ. ಬಾಗಿಲು ತೆಗೆದಾಗೆಲ್ಲ ನೀನೇ ಅಂದ್ಕೊಂಡೆ.”

 ಅವಳ ಪಕ್ಕ ಕೂತೆ. ಒಳ್ಳೆಯ ಮಾತೊಂದು ಆಡಬೇಕಿತ್ತು. ಬೆಳಗಿನಿಂದ ಒಳಗೆ ಕೂತಿದ್ದ ವಿಷ ಅದಕ್ಕಿಂತ ಮೊದಲು ಬಾಯಿಗೆ ಬಂತು. ಚುಚ್ಚಬೇಕೆಂದೇ ಕೇಳಿದೆ, “ಅಡ್ವಾನ್ಸಿಗೆ ಯಾವ ಕಾರ್ಡು ಉಜ್ಜಿದೆ?”

ಅವಳು ನನ್ನ ಮುಖವನ್ನೇ ನೋಡಿದಳು, ಪ್ರಶ್ನೆ ಅರ್ಥವಾಗದವಳ ಹಾಗೆ. “ಗೊತ್ತಿಲ್ಲ ಕಣೇ,” ಎಂದಳು. “ಕೈ ನಡುಗ್ತಿತ್ತು. ಪರ್ಸಿಗೆ ಕೈ ಹಾಕಿ ಸಿಕ್ಕಿದ್ದನ್ನ ಕೊಟ್ಟೆ. ಯಾವ್ದು ಅಂತ ನೋಡ್ಲೇ ಇಲ್ಲ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಅವಳು ಮೆಲ್ಲನೆ ನನ್ನ ಕಡೆಯಿಂದ ಮುಖ ತಿರುಗಿಸಿ ಲಿಫ್ಟಿನ ಬಾಗಿಲು ನೋಡುತ್ತ ಕೂತಳು. ಅವಳ ಕೈ ಇನ್ನೂ ನಡುಗುತ್ತಿತ್ತು. ಆ ಬೆಳಿಗ್ಗೆ ಕೌಂಟರಿನ ಮುಂದೆ ನನ್ನ ಕೈಯೂ ಹೀಗೇ ನಡುಗಿತ್ತು. ಆವತ್ತು ಅವಳ ಕೈ ನಡುಗಿರಲಿಲ್ಲ. ಒಂದು ಕಾರ್ಡು ತೆಗೆದು, ನೋಡಿ, ಒಳಗಿಟ್ಟು, ಇನ್ನೊಂದನ್ನು ತೆಗೆದಿದ್ದಳು.

ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟೆ. ಚೆಲ್ಲದಿರಲಿ ಎಂದು, ಅವಳು ಕುಡಿದು ಮುಗಿಸುವವರೆಗೂ ಮುಚ್ಚಳದ ಕೆಳಗೆ ನನ್ನ ಅಂಗೈ ಒಡ್ಡಿಕೊಂಡಿದ್ದೆ.